ತಟ್ಟಿದ್ದು ಕೇಳಿಸಿತೇ?

ರಾತ್ರಿ ಹತ್ತೂವರೆಗೆ ಗೇಟಿಗೆ ಬೀಗ ಹಾಕುವ ಮುನ್ನ ನಮ್ಮ ಮನೆಯ ಮಾಲೀಕರು ಅಂಗಳದಲ್ಲಿ ನಿಂತು, ತಲೆಯೆತ್ತಿ, ಒಮ್ಮೆ ಕೂಗುತ್ತಾರೆ: "ಎಲ್ಲ ಒಳಗಿದ್ದೀರಾ?"

ಆರ್.ಟಿ. ನಗರದ ಈ ಮನೆಯಲ್ಲಿ ಮೂರು ಬಾಡಿಗೆ ಸಂಸಾರಗಳಿವೆ. ತಾರಸಿಯ ಮೇಲಿನ ಒಂಟಿ ಕೋಣೆ ನನ್ನದು. ಎಲ್ಲರ ಬಳಿಯೂ ಗೇಟಿನ ಕೀಲಿ ಇದೆ, ಮೊಬೈಲ್ ಇದೆ. ಆದರೂ ಪ್ರತಿ ಮಹಡಿಯಿಂದ ಉತ್ತರ ಬರುವವರೆಗೆ ಅವರು ಬೀಗ ಒತ್ತುವುದಿಲ್ಲ. ಮೊದಲ ವರ್ಷ ನನಗೆ ಇದು ಹಾಸ್ಟೆಲ್ ವಾರ್ಡನ್‌ಗಿರಿಯಂತೆ ಕಾಣುತ್ತಿತ್ತು. ಉತ್ತರ ಕೊಡದೆ ಲೈಟ್ ಆರಿಸಿ ಮಲಗಿದ ರಾತ್ರಿಗಳೂ ಇವೆ. ಅಂಥ ರಾತ್ರಿ ಅವರು ಅರವತ್ತೈದರ ಮಂಡಿನೋವು ಹೊತ್ತು ಮೆಟ್ಟಿಲು ಹತ್ತಿ ಬಂದು, ಬಾಗಿಲ ಹೊರಗೆ ನಿಂತು, "ತಂಗೀ, ಇದ್ದೀಯಾ?" ಎಂದು ಕೇಳಿ ಇಳಿದು ಹೋಗುತ್ತಿದ್ದರು.

ಅಂಕಲ್ ಅಂಕೋಲಾ ಕಡೆಯವರು. ಹದಿನೇಳಕ್ಕೆ ನೌಕಾಪಡೆ ಸೇರಿ, ಹದಿನೈದು ವರ್ಷ ಕೆಲಸ ಮಾಡಿದವರು. ಅದರ ಹೆಚ್ಚಿನ ಭಾಗ ಡೀಸೆಲ್ ಜಲಾಂತರ್ಗಾಮಿಗಳಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಸಬ್‌ಮರೀನ್ ಮಾತು ವಿಚಿತ್ರ ಅನ್ನಿಸಬಹುದು. ಆದರೆ ಸಬ್‌ಮರೀನ್‌ಗಳಿಗೆ ಕಿವಿಯಂತಿರುವ ಸೋನಾರ್ ಯಂತ್ರಗಳು ತಯಾರಾಗುವುದು ಇಲ್ಲೇ ಜಾಲಹಳ್ಳಿಯ ಬಿಇಎಲ್‌ನಲ್ಲಿ. ಅದನ್ನು ನನಗೆ ಹೇಳಿದವರೂ ಅಂಕಲ್ಲೇ. "ಸಬ್‌ಮರೀನಿಗೆ ಕಣ್ಣಿಲ್ಲ ತಂಗಿ, ಕೆಳಗೆ ಹೋದ್ಮೇಲೆ ಬರೀ ಕಿವಿ" ಎಂದಿದ್ದರು.

ನಾನು ಕನ್ನಡದ ಜನಪದ ಕಥನಗೀತೆಗಳಲ್ಲಿ ಬಲಿಯ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಅವರ ನೆನಪುಗಳನ್ನು ಕೇಳಲು ಕೂತದ್ದು ಸಂಶೋಧನೆಗಾಗಿ ಅಲ್ಲ, ಭಾನುವಾರದ ಚಹಾಕ್ಕಾಗಿ. ಆದರೆ ಅವರು ಹೇಳಿದ ಒಂದು ಸಂಗತಿ ನನ್ನ ಪ್ರಬಂಧದ ಮಧ್ಯೆ ಬಂದು ಕೂತುಬಿಟ್ಟಿದೆ.

ನಮ್ಮ ದೇಶದ ಮೊದಲ ಜಲಾಂತರ್ಗಾಮಿ ಐಎನ್‌ಎಸ್ ಕಲ್ವರಿ ನೌಕಾಪಡೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು, ಆಗಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ. ಅದೇ ಮಾದರಿಯ ಕುರ್ಸುರಾ 1969ರಿಂದ 2001ರವರೆಗೆ ದುಡಿದು, ಈಗ ವಿಶಾಖಪಟ್ಟಣದ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಕಾಲೇಜು ಪ್ರವಾಸದಲ್ಲಿ ನಾನೂ ಒಳಹೊಕ್ಕಿದ್ದೆ. ಸುಮಾರು 91 ಮೀಟರ್ ಉದ್ದದ ಉಕ್ಕಿನ ಕೊಳವೆ, ಏಳು ಕಂಪಾರ್ಟ್‌ಮೆಂಟ್. ಒಂದರಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಕಿಂಡಿಯಂಥ ಬಾಗಿಲು. ಬಗ್ಗಿ, ಮೈ ಕುಗ್ಗಿಸಿ ದಾಟಬೇಕು. ನಾವು ನಗುತ್ತಾ, ಫೋಟೊ ತೆಗೆಯುತ್ತಾ ದಾಟಿದ್ದೆವು.

ಅಂಕಲ್ ಹೇಳುವ ಬದುಕು ಇದೇ ಕೊಳವೆಯೊಳಗಿನದು. ನೀರಿನಡಿಯಲ್ಲಿ ಬ್ಯಾಟರಿಯ ಮೇಲೆ ಓಡಾಟ. ಬ್ಯಾಟರಿ ಇಳಿದಾಗ ರಾತ್ರಿ ಹೊತ್ತು ಮೇಲಕ್ಕೆ ಬಂದು, ಸ್ನಾರ್ಕೆಲ್ ಕೊಳವೆ ನೀರಿನ ಮೇಲೆತ್ತಿ, ಡೀಸೆಲ್ ಎಂಜಿನ್ ಓಡಿಸಿ ಚಾರ್ಜ್ ಮಾಡಬೇಕು. ಸಿಹಿನೀರು ಕುಡಿಯುವುದಕ್ಕೆ, ಅಡುಗೆಗೆ. ಸ್ನಾನ ಎಂಬುದು ಬಂದರಿನಲ್ಲಿ. ಡೀಸೆಲ್ ವಾಸನೆ ಬಟ್ಟೆಗೆ, ಕೂದಲಿಗೆ, ಕೊನೆಗೆ ಅನ್ನಕ್ಕೂ. ಒಂದು ಬಂಕ್‌ಗೆ ಇಬ್ಬರು: ಇವನು ವಾಚ್ ಮುಗಿಸಿ ಬರುವಾಗ ಅವನು ಎದ್ದು ಹೋಗುತ್ತಾನೆ. ಹಾಸಿಗೆ ಇನ್ನೂ ಬೆಚ್ಚಗಿರುತ್ತದೆ. ಅಂಕಲ್ ಜೊತೆ ಬಂಕ್ ಹಂಚಿಕೊಂಡವರು ಶ್ರೀಕಾಕುಳಂ ಕಡೆಯ ಒಬ್ಬ ಎಂಜಿನ್ ಮೆಕ್ಯಾನಿಕ್.

ಸಬ್‌ಮರೀನಿನ ಬಾಗಿಲಿಗೊಂದು ನಿಯಮವಿದೆ. ನೀರು ನುಗ್ಗಿದರೆ, ಬೆಂಕಿ ಹತ್ತಿದರೆ ಆ ಕಂಪಾರ್ಟ್‌ಮೆಂಟನ್ನು ಮುಚ್ಚಬೇಕು. ಒಳಗೆ ಯಾರಿದ್ದಾರೆ ಎಂಬುದು ಆಮೇಲಿನ ಪ್ರಶ್ನೆ. ಮುಚ್ಚದಿದ್ದರೆ ಎಲ್ಲರೂ ಹೋಗುತ್ತಾರೆ. ಒಳಗುಳಿದವರು ಬೆಂಕಿಯ ಜೊತೆಗೋ ನೀರಿನ ಜೊತೆಗೋ ಅಲ್ಲೇ ಹೋರಾಡಬೇಕು. ಡಾಲ್ಫಿನ್ ಬ್ಯಾಡ್ಜ್ ಎದೆಗೇರುವ ಮುನ್ನ ಅಡುಗೆಯವನೂ ಸೇರಿ ಪ್ರತಿಯೊಬ್ಬನೂ ಇದನ್ನು ಕಲಿತಿರುತ್ತಾನೆ, ಕತ್ತಲಲ್ಲಿ ಕೈಯಿಂದಲೇ ವಾಲ್ವ್‌ಗಳನ್ನು ಗುರುತಿಸುವುದನ್ನು ಕಲಿತ ಹಾಗೆ.

ನೀತಿಶಾಸ್ತ್ರದ ತರಗತಿಯಲ್ಲಿ ಕೂತವರಿಗೆ ತಕ್ಷಣ ಟ್ರಾಮ್ ನೆನಪಾಗುತ್ತದೆ. ಕಲ್ವರಿ ಬಂದ ಅದೇ 1967ರಲ್ಲಿ ಫಿಲಿಪಾ ಫೂಟ್ ಆ ಪ್ರಶ್ನೆ ಮುಂದಿಟ್ಟರು: ಬ್ರೇಕ್ ಇಲ್ಲದೆ ಓಡುವ ಟ್ರಾಮನ್ನು ಚಾಲಕ ಐವರಿರುವ ಹಳಿಯಿಂದ ಒಬ್ಬನಿರುವ ಹಳಿಗೆ ತಿರುಗಿಸಬಹುದೇ? ಮುಂದೆ ಜುಡಿತ್ ಜಾರ್ವಿಸ್ ಥಾಮ್ಸನ್ ಚಾಲಕನ ಜಾಗದಲ್ಲಿ ದಾರಿಹೋಕನನ್ನು ನಿಲ್ಲಿಸಿದರು. ಎರಡರಲ್ಲೂ ತೀರ್ಮಾನಿಸುವವನು ಹಳಿಯ ಮೇಲಿಲ್ಲ. ಹಳಿಯ ಮೇಲಿರುವವನ ಹೆಸರೂ ಅವನಿಗೆ ಗೊತ್ತಿಲ್ಲ. ಸಬ್‌ಮರೀನ್ ಬೇರೆ. ಬಾಗಿಲು ಮುಚ್ಚುವವನಿಗೆ ಆಚೆಯವನ ಹಾಸಿಗೆಯ ಬಿಸಿ ಗೊತ್ತು. ವಾಚ್ ಪಟ್ಟಿ ನಾಲ್ಕು ಗಂಟೆ ಆಚೀಚೆ ಆಗಿದ್ದರೆ ತಾನೇ ಆಚೆ ಇರುತ್ತಿದ್ದೆ ಎಂಬುದೂ ಗೊತ್ತು.

1939ರ ಮೇ 23ರಂದು ಅಮೆರಿಕದ ಡೀಸೆಲ್ ಜಲಾಂತರ್ಗಾಮಿ ಸ್ಕ್ವಾಲಸ್ ಪರೀಕ್ಷಾ ಮುಳುಗಿನಲ್ಲಿ ಹಿಂಭಾಗಕ್ಕೆ ನೀರು ನುಗ್ಗಿ ತಳ ಸೇರಿತು. ಒಳಗಿದ್ದವರು 59 ಮಂದಿ. ಲಾಯ್ಡ್ ಮ್ಯಾನೆಸ್ ಎಂಬ ಎಲೆಕ್ಟ್ರಿಷಿಯನ್ ನೀರಿನ ಕಡೆಯ ಬಾಗಿಲನ್ನು ಆದಷ್ಟು ಹೊತ್ತು ತೆರೆದು ಹಿಡಿದು, ಓಡಿಬಂದ ಕೆಲವರನ್ನು ದಾಟಿಸಿ, ಕೊನೆಗೆ ಮುಚ್ಚಿದ. ಅತ್ತ 26 ಮಂದಿ ಸತ್ತರು. ಇತ್ತ ಉಳಿದ 33 ಮಂದಿಯನ್ನು ಗಂಟೆಯಾಕಾರದ ರಕ್ಷಣಾ ಕೋಣೆ ಇಳಿಸಿ ಮೇಲೆ ತರಲಾಯಿತು. ಮ್ಯಾನೆಸ್ ತಪ್ಪು ಮಾಡಿದ ಎಂದು ಯಾರೂ ಹೇಳಲಾರರು.

ಅಂಕಲ್ ಕೂಡ ಒಮ್ಮೆ ಬಾಗಿಲು ಮುಚ್ಚಿದ್ದಾರೆ. ಯಾವ ಬೋಟ್, ಯಾವ ಇಸವಿ ಎಂದು ಬರೆಯಬೇಡ ಎಂದಿದ್ದಾರೆ. ರಾತ್ರಿ ಚಾರ್ಜಿಂಗ್ ನಡೆದಿತ್ತು. ಪಕ್ಕದ ಕಂಪಾರ್ಟ್‌ಮೆಂಟಿನಲ್ಲಿ ಕೇಬಲ್ ಸುಟ್ಟು ಹೊಗೆ ಎದ್ದಿತು. ಸೀಲ್ ಮಾಡುವಂತೆ ಆರ್ಡರ್ ಬಂತು. ಬಾಗಿಲ ಬಳಿ ಇದ್ದವರು ಇವರು. ಮುಚ್ಚಿ ಹಿಡಿ ತಿರುಗಿಸಿದರು. ಆಮೇಲೆ ಆ ಕಡೆಯಿಂದ ತಟ್ಟಿದ ಸದ್ದು. ಸ್ಪ್ಯಾನರ್‌ನಿಂದ ಇರಬೇಕು, ಮೂರು ಮೂರು ಸಲ. ಹತ್ತು ನಿಮಿಷವೋ ಹನ್ನೆರಡೋ. ಹೊಗೆ ಹತೋಟಿಗೆ ಬಂದು ಬಾಗಿಲು ತೆಗೆದಾಗ ಕೆಮ್ಮುತ್ತಾ ಹೊರಬಂದ ಇಬ್ಬರಲ್ಲಿ ಒಬ್ಬರು ಶ್ರೀಕಾಕುಳಂನ ಆ ಗೆಳೆಯ.

ಎರಡು ದಿನ ಬಿಟ್ಟು ಗೆಳೆಯ ಕೇಳಿದರಂತೆ: "ನಾನಾಗಿದ್ರೂ ಮುಚ್ತಿದ್ದೆ. ಅದನ್ನ ಬಿಡು. ನಾವು ತಟ್ಟಿದ್ದು ನಿನಗೆ ಕೇಳಿಸ್ತಾ?"

"ಇಲ್ಲ ಅಂದೆ" ಎಂದರು ಅಂಕಲ್. ಲೋಟ ಕೆಳಗಿಟ್ಟರು. "ಎಂಜಿನ್ ಸದ್ದಿತ್ತು, ಕೇಳಿಸ್ಲಿಲ್ಲ ಅಂದೆ. ಎಂಜಿನ್ ಆಗ್ಲೇ ನಿಲ್ಸಿದ್ರು ತಂಗಿ. ಅವ್ನಿಗೂ ಗೊತ್ತಿತ್ತು."

ಬಾಗಿಲು ಮುಚ್ಚಿದ್ದಕ್ಕೆ ಅವರಿಗೆ ಪಶ್ಚಾತ್ತಾಪ ಇಲ್ಲ. ಕೇಳಿಸಲಿಲ್ಲ ಎಂದದ್ದಕ್ಕೆ ಇದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಬರ್ನಾರ್ಡ್ ವಿಲಿಯಮ್ಸ್ ಎಂಬ ತತ್ತ್ವಜ್ಞಾನಿ 1976ರ ಲೇಖನವೊಂದರಲ್ಲಿ ಲಾರಿ ಚಾಲಕನ ಉದಾಹರಣೆ ಕೊಡುತ್ತಾರೆ. ಅವನ ಯಾವ ತಪ್ಪೂ ಇಲ್ಲದೆ ಮಗುವೊಂದು ಲಾರಿಗೆ ಸಿಕ್ಕಿ ಸಾಯುತ್ತದೆ. ನಾವು ಅವನಿಗೆ ಸಮಾಧಾನ ಹೇಳುತ್ತೇವೆ. ಆದರೆ ಅವನು ಬೇಗನೆ ಸಮಾಧಾನಗೊಂಡು ಎದ್ದು ಹೋದರೆ ನಮಗೇ ಏನೋ ಅನುಮಾನ. ಸರಿಯಾದದ್ದನ್ನು ಮಾಡಿದ ಮೇಲೂ ಒಂದು ಋಣ ಉಳಿಯುತ್ತದೆ ಎಂದು ನಮಗೆ ಒಳಗೊಳಗೇ ಗೊತ್ತಿದೆ. ಆ ಋಣ ಯಾವುದು? ಬಾಗಿಲು ತೆರೆಯುವುದಂತೂ ಅಲ್ಲ. ಆಚೆಯವನು ಅದನ್ನು ಕೇಳುತ್ತಲೂ ಇಲ್ಲ. ತಾನು ತಟ್ಟಿದ್ದು ಇನ್ನೊಬ್ಬ ಮನುಷ್ಯನಿಗೆ ಕೇಳಿಸಿತೇ ಎಂದಷ್ಟೇ ಅವನ ಪ್ರಶ್ನೆ. ನಿಯಮಕ್ಕೆ ಬಾಗಿಲು ಮುಚ್ಚಿಸುವ ಅಧಿಕಾರವಿದೆ. ಕಿವಿ ಮುಚ್ಚಿಸುವ ಅಧಿಕಾರವಿಲ್ಲ.

ಈ ಮಾತು ಹೊಳೆದ ಮೇಲೆ ನಾನು ನಾಲ್ಕು ವರ್ಷದಿಂದ ಓದುತ್ತಿದ್ದ 'ಕೆರೆಗೆ ಹಾರ' ಬೇರೆಯಾಗಿ ಕಂಡಿತು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಹಾರ ಕೊಡುವುದೆಂದು ಹಿರಿಯರು ತೀರ್ಮಾನಿಸುತ್ತಾರೆ. ಊರಿಗೆ ನೀರು, ಒಬ್ಬಳ ಜೀವ. ಲೆಕ್ಕ ಸಬ್‌ಮರೀನಿನದೇ ಅನ್ನಿಸಬಹುದು. ಅಲ್ಲ. ತೀರ್ಮಾನಿಸಿದ ಯಾರೂ ತಾವು ಆ ಮೆಟ್ಟಿಲಿಳಿಯುವ ಸಾಧ್ಯತೆಯನ್ನು ಒಪ್ಪಿಕೊಂಡಿರಲಿಲ್ಲ. ಆ ಮನೆಯಲ್ಲಿ ವಾಚ್ ಪಟ್ಟಿ ಇರಲಿಲ್ಲ. ಮನೆಯ ಅತಿ ಕಡಿಮೆ ತೂಕದವಳನ್ನು ಆರಿಸಿದರು. ಹಾಗಾಗಿ ಅದು ನಿಯಮವಲ್ಲ, ಬಲಿ. ಎರಡನೆಯದು: ದಂಡಿನಿಂದ ಮರಳಿದ ಗಂಡ ಮಾದೇವರಾಯ ಹೆಂಡತಿ ಎಲ್ಲಿ ಎಂದು ಕೇಳಿದಾಗ, ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ಅವಳನ್ನು ನೀರಿಗೆ ಕೊಟ್ಟವರು ಅವಳ ಸಾವನ್ನೂ ಇಲ್ಲ ಎನ್ನುತ್ತಾರೆ. ನಿಜ ತಿಳಿದ ಅವನು ಅದೇ ಕೆರೆಗೆ ಹಾರುತ್ತಾನೆ.

ಇಷ್ಟು ಬರೆದು ನಿಲ್ಲಿಸಿದ್ದರೆ ನನಗೆ ಹಾಯಾಗಿರುತ್ತಿತ್ತು. ಆದರೆ ನಾನೂ ಒಂದು ಬಾಗಿಲು ಮುಚ್ಚಿದ್ದೇನೆ.

2021ರ ಮೇ ತಿಂಗಳು. ಆಗ ನಾವು ಯಲಹಂಕ ನ್ಯೂ ಟೌನ್‌ನಲ್ಲಿದ್ದೆವು. ತಾತನಿಗೆ ಜ್ವರ ಬಂತು, ರಿಪೋರ್ಟ್ ಪಾಸಿಟಿವ್. ಮನೆಯಲ್ಲಿ ಅಜ್ಜಿ, ಸಕ್ಕರೆ ಕಾಯಿಲೆಯ ಅಪ್ಪ, ಅಮ್ಮ, ನಾನು. ತಾತ ತಾವೇ ಎದ್ದು ಒಳಕೋಣೆಗೆ ಹೋಗಿ, "ಬಾಗ್ಲು ಹಾಕ್ಕೋ ಮಗಾ" ಎಂದರು. ಐದು ದಿನ ನಾನು ಊಟದ ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು, ಬಾಗಿಲು ಬಡಿದು, ದೂರ ಸರಿದು ನಿಲ್ಲುತ್ತಿದ್ದೆ. ರಾತ್ರಿಯೆಲ್ಲ ಕೆಮ್ಮು. ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ನಾನು ಮೂರನೆಯ ರಾತ್ರಿಯಿಂದ ಇಯರ್‌ಫೋನ್ ಹಾಕಿಕೊಂಡೆ. ಆರನೆಯ ದಿನ ಆಸ್ಪತ್ರೆಗೆ ಒಯ್ದೆವು, ಒಂಬತ್ತನೆಯ ದಿನ ಹೋದರು. ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆ್ಯಂಬುಲೆನ್ಸ್ ಸಾಲಿನಲ್ಲಿ ಅಪ್ಪ ಮಧ್ಯಾಹ್ನದವರೆಗೆ ನಿಂತಿದ್ದರು.

ನೀನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳಿದ್ದಾರೆ. ಸರಿಯೇ. ತಾತನೇ ಒಪ್ಪಿದ ಬಾಗಿಲು ಅದು. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಹಾಕಿಕೋ ಎನ್ನುತ್ತಿದ್ದೆ. ಆದರೆ ಇಯರ್‌ಫೋನನ್ನು ಯಾವ ವೈದ್ಯರೂ ಹೇಳಿರಲಿಲ್ಲ, ತಾತನೂ ಹೇಳಿರಲಿಲ್ಲ. ಮರುದಿನ ಬಾಗಿಲಾಚೆಯಿಂದ ಅವರು, "ರಾತ್ರಿ ನಿಂಗೆ ನಿದ್ದೆ ಕೆಡಿಸ್ದೆನೇನೋ" ಎಂದಾಗ "ಇಲ್ಲ ತಾತ, ಏನೂ ಕೇಳಿಸ್ಲಿಲ್ಲ" ಎಂದೆ. ಅವರಿಗೆ ಬೇಸರವಾಗದಿರಲಿ ಎಂದು ಹೇಳಿದೆ ಅಂತ ಅಂದುಕೊಂಡಿದ್ದೆ. ಅಂಕಲ್ ಕತೆ ಕೇಳಿದ ಮೇಲೆ ಹಾಗೆ ಅಂದುಕೊಳ್ಳಲು ಆಗುತ್ತಿಲ್ಲ.

ಕೇಳಿಸಿಕೊಂಡರೆ ಸತ್ತವರು ಬರುತ್ತಾರೆಯೇ ಎಂದು ಯಾರಾದರೂ ಕೇಳಬಹುದು. ಬರುವುದಿಲ್ಲ. ಆದರೆ ಕೇಳಿಸಿಕೊಳ್ಳದವರು ಮುಂದಿನ ಬಾಗಿಲನ್ನು ಇನ್ನಷ್ಟು ಸಲೀಸಾಗಿ ಮುಚ್ಚುತ್ತಾರೆ. 2014ರ ಫೆಬ್ರವರಿ 26ರಂದು ಮುಂಬೈ ಬಳಿ ಕಡಲಿನಲ್ಲಿದ್ದ ಸಿಂಧುರತ್ನ ಜಲಾಂತರ್ಗಾಮಿಯಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು, ಕಪೀಶ್ ಮುವಾಲ್ ಮತ್ತು ಮನೋರಂಜನ್ ಕುಮಾರ್, ಸತ್ತರು. ಅದೇ ದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಆ ಹೊಗೆ ಅವರು ಎಬ್ಬಿಸಿದ್ದಲ್ಲ. ಆದರೂ ಎಂಜಿನ್ ಸದ್ದಿತ್ತು ಎನ್ನಲಿಲ್ಲ. ಬಾಗಿಲ ಬಳಿ ನಿಂತ ಹುಡುಗನೊಬ್ಬನೇ ಆ ಸದ್ದನ್ನು ಜನ್ಮವಿಡೀ ಹೊರಬೇಕಾಗಿಲ್ಲ. ಮೇಲಿನವರೂ ಕೇಳಿಸಿತು ಎನ್ನಬೇಕು.

ಪ್ರತಿ ಡಿಸೆಂಬರ್ 8, ಸಬ್‌ಮರೀನ್ ದಿನದ ಹೊತ್ತಿಗೆ ಅಂಕಲ್ ವಿಶಾಖಪಟ್ಟಣಕ್ಕೆ ಹೋಗುತ್ತಾರೆ. ಕಳೆದ ಬಾರಿ ಯಶವಂತಪುರದಲ್ಲಿ ರೈಲು ಹತ್ತಿಸಲು ನಾನೇ ಆಟೊದಲ್ಲಿ ಜೊತೆಗೆ ಹೋಗಿದ್ದೆ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತಿದ್ದಾಗ, "ಈ ಸಲ ಹೇಳ್ಬಿಡ್ತೇನೆ" ಎಂದರು. ಏನನ್ನು ಎಂದು ನಾನು ಕೇಳಲಿಲ್ಲ.

ವಾರದ ನಂತರ ಮರಳಿದರು. ಚಹಾ ಕುಡಿಯುವಾಗ ತಾವೇ ಶುರುಮಾಡಿದರು: "ಹೇಳ್ದೆ. ಅವ್ನಿಗೆ ಈಗ ಕಿವಿ ಮಂದ, ಎಂಜಿನ್ ರೂಮಿನವ್ನಲ್ಲಾ. ಮೊದಲ ಸಲ ಕೇಳಿಸ್ಲೇ ಇಲ್ಲ. ಎಲ್ಲರೆದುರು ಎರಡನೇ ಸಲ ಕೂಗಿ ಹೇಳ್ಬೇಕಾಯ್ತು ಮಾರಾಯ್ತಿ."

"ಅವರು ಏನಂದ್ರು ಅಂಕಲ್?"

"ಎಂತ ಅಂತಾನೆ? ಕೈ ಹಿಡ್ಕೊಂಡ. ಆಮೇಲೆ ಊಟಕ್ಕೆ ಕರೆದ್ರು, ಹೋದ್ವಿ."

ಅಂದು ರಾತ್ರಿ ಹತ್ತೂವರೆಗೆ ಎಂದಿನಂತೆ ಕೂಗು ಕೇಳಿತು. ಮೊದಲ ಮಹಡಿಯವರು, ಎರಡನೆಯವರು ಉತ್ತರಿಸಿದರು. ನಾನು ತಾರಸಿಯ ಅಂಚಿಗೆ ಬಂದು, "ಇದ್ದೀನಿ ಅಂಕಲ್" ಎಂದೆ. ಕೆಳಗೆ ಬೀಗ ಬಿದ್ದ ಸದ್ದಾಯಿತು.