ಕಾಣದ ಹೊಗೆಯ ಲೆಕ್ಕ

ನಾಗಮಂಗಲದ ಒಂದು ಹೊಗೆ ತಪಾಸಣೆ ಅಂಗಡಿಯ ಮುಂದೆ ನನ್ನ ಸ್ಕೂಟರಿನ ಸರದಿಗಾಗಿ ಕಾಯುತ್ತಿದ್ದೆ. ನನ್ನ ಮುಂದೆ ಒಂದು ಮೊಪೆಡ್, ಅದರ ಎರಡೂ ಕಡೆ ಹಾಲಿನ ಕ್ಯಾನು. ಚೀಟಿ ಕೈಗೆ ಬಂದ ಮೇಲೆ ಅದರ ಒಡೆಯ ನನ್ನ ಕಡೆ ತಿರುಗಿ, "ಹೊಗೆ ಸರಿಯಾಗೈತೆ ಅಂತ ಬರ್ಕೊಟ್ಟವ್ರೆ ಸಾಬ್ರೇ. ಅಂದ್ಮೇಲೆ ನನ್ ಗಾಡಿಯಿಂದ ಯಾರ್ಗೂ ತೊಂದ್ರೆ ಇಲ್ಲ ಅಲ್ವಾ?" ಎಂದರು. "ಇಲ್ಲ ಬಿಡಿ ಗೌಡ್ರೆ" ಎಂದುಬಿಟ್ಟೆ. ಮನೆ ಸೇರುವಷ್ಟರಲ್ಲಿ ನನ್ನ ಉತ್ತರದ ಬಗ್ಗೆ ನನಗೇ ಅನುಮಾನ ಹುಟ್ಟಿತು.

ಆ ಚೀಟಿ ಸುಳ್ಳು ಹೇಳುವುದಿಲ್ಲ. ಪೆಟ್ರೋಲ್ ಗಾಡಿಯಾದರೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಆದರೆ ಹೊಗೆಯ ದಟ್ಟಣೆ, ಇಷ್ಟಕ್ಕೇ ಅಲ್ಲಿ ಮಿತಿ. ಇಂಗಾಲದ ಡೈಆಕ್ಸೈಡಿಗೆ ಮಿತಿಯಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾವು ಉಸಿರಾಡಿದರೂ ಬರುವಂಥದ್ದು. ಅದನ್ನು ಮಾಲಿನ್ಯ ಎನ್ನಬಹುದೇ ಎಂಬ ವಾದ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿ, 2007ರಲ್ಲಿ 'ಹೌದು' ಎಂಬ ತೀರ್ಪು ಬಂತು. ಎಂಜಿನ್ ಎಷ್ಟೇ ಶುದ್ಧವಾಗಿರಲಿ, ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ, ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಇಲ್ಲಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಲೀಟರಿಗೆ 60 ಕೊಡುವ ಮೊಪೆಡ್ ಆ ದಾರಿಯಲ್ಲಿ 2.3 ಕಿಲೋ ಬಿಡುತ್ತದೆ. ಲೀಟರಿಗೆ 10 ಕೊಡುವ ದೊಡ್ಡ ಕಾರು ಒಬ್ಬನನ್ನೇ ಹೊತ್ತು ಸುಮಾರು 14 ಕಿಲೋ ಬಿಡುತ್ತದೆ. ಲೀಟರಿಗೆ 5 ಕೊಡುವ ಬಸ್ಸು 32 ಕಿಲೋ ಬಿಟ್ಟರೂ, ಐವತ್ತು ಜನ ಕೂತರೆ ತಲೆಗೆ ಮುಕ್ಕಾಲು ಕಿಲೋವೂ ಬರದು.

ಕಾನೂನು ಇದನ್ನು ಹೇಗೆ ನೋಡುತ್ತದೆ? 2001ರ ಇಂಧನ ಸಂರಕ್ಷಣಾ ಕಾಯಿದೆಯಡಿ ಕಾರು ತಯಾರಕರಿಗೆ ಮಿತಿ ಹಾಕಲಾಗಿದೆ. ಮೊದಲ ಹಂತದಲ್ಲಿ ಕಿಲೋಮೀಟರಿಗೆ ಸರಾಸರಿ 130 ಗ್ರಾಂ, 2022-23ರಿಂದ 113 ಗ್ರಾಂ. ಹೊಣೆಯನ್ನು ಓಡಿಸುವವನ ಬದಲು ತಯಾರಿಸುವವನ ಮೇಲೆ ಹೊರಿಸಿದ್ದು ನ್ಯಾಯವೇ. ಆದರೆ ಲೆಕ್ಕ ಕಂಪೆನಿ ಮಾರಿದ ಎಲ್ಲ ಕಾರುಗಳ ಸರಾಸರಿ. ಮೇಲಾಗಿ ಕಾರುಗಳ ತೂಕ ಹೆಚ್ಚಿದಂತೆ ಮಿತಿಯೂ ಸಡಿಲವಾಗುತ್ತದೆ. ಭಾರ ಹೆಚ್ಚಿದ್ದವನಿಗೆ ರಿಯಾಯಿತಿಯೂ ಹೆಚ್ಚು! ಸರಾಸರಿಯೊಳಗೆ ಯಾರು ಬೇಕಾದರೂ ಅಡಗಿಕೊಳ್ಳಬಹುದು. ಆದರೆ ಆಖಿರತ್ತಿನಲ್ಲಿ ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ ಎಂದು ನಂಬಿದವನಿಗೆ ಈ ಅಡಗುದಾಣ ಸಿಗದು.

ಬುಖಾರಿಯಲ್ಲಿ ಪ್ರವಾದಿಯವರು(ಸ) ಹೇಳಿದ ಹಡಗಿನ ಉಪಮೆಯಿದೆ. ಚೀಟಿಯೆತ್ತಿದಾಗ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳ ಅಂತಸ್ತು ಬಂತು. ಕೆಳಗಿನವರು ನೀರಿಗಾಗಿ ಪದೇ ಪದೇ ಮೇಲೆ ಹೋಗಬೇಕಿತ್ತು. ಮೇಲಿನವರಿಗೇಕೆ ತೊಂದರೆ, ನಮ್ಮ ಪಾಲಿನ ತಳದಲ್ಲೇ ಒಂದು ತೂತು ಕೊರೆಯೋಣ ಎಂದುಕೊಂಡರು. ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ವೈಯಕ್ತಿಕ ಸ್ವಾತಂತ್ರ್ಯಕ್ಕೂ ಕಾನೂನಿಗೂ ಇರುವ ಸಂಬಂಧವನ್ನು ಇದಕ್ಕಿಂತ ಸರಳವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಆದರೆ ನಮ್ಮ ಕಾಲದ ಹಡಗಿನಲ್ಲಿ ದೊಡ್ಡ ತೂತುಗಳನ್ನು ಕೊರೆಯುತ್ತಿರುವವರು ಮೇಲಂತಸ್ತಿನವರು. ನೀರು ನುಗ್ಗುವುದು ಮಾತ್ರ ಕೆಳಗೆ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಒಂದು ವರ್ಷದ ಬರವನ್ನು ವಾಹನಗಳ ತಲೆಗೇ ಕಟ್ಟಲಾಗದು, ನಿಜ. ಆದರೆ ಭೂಮಿ ಬಿಸಿಯಾದಷ್ಟೂ ಮಳೆಯ ಲೆಕ್ಕ ತಪ್ಪುತ್ತದೆಂದು ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಮಳೆ ನಂಬಿ ರಾಗಿ ಬಿತ್ತುವ ನಮ್ಮ ತಾಲ್ಲೂಕಿನವರಿಗೆ ಆ ತಪ್ಪು ಲೆಕ್ಕವೇ ಬದುಕಿನ ಪ್ರಶ್ನೆ.

ಹಾಗೆಂದು ಮೊಪೆಡ್ಡಿನ ತೂತು ತೂತೇ ಅಲ್ಲ ಎನ್ನಲಾರೆ. ಆದರೆ ಆ ಉಪಮೆಯ ಒಂದು ಎಳೆಯನ್ನು ನಾವು ಮರೆಯುತ್ತೇವೆ: ಕೆಳಗಿನವರು ಕೊರೆಯಹೊರಟದ್ದು ಬಾಯಾರಿಕೆಗಾಗಿ. ಅವರ ಕೈ ಹಿಡಿಯುವವನು ಮೊದಲು ನೀರು ಕೊಡಬೇಕು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದಾಗ ಅದನ್ನು ಬಿಟ್ಟಿ ಎಂದು ಹೀಯಾಳಿಸಿದವರುಂಟು. ನನಗೆ ಅದು ಅಂಥ ನೀರಿನ ಒಂದು ಬೊಗಸೆಯಂತೆ ಕಾಣುತ್ತದೆ. ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬರುವಂತೆ ಮಾಡದೆ ಬಡವನ ಗಾಡಿಗೆ ದಂಡ ಹಾಕುವುದು ನಿಯಂತ್ರಣವಲ್ಲ, ದಬ್ಬಾಳಿಕೆ.

ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಚಿಕ್ಕಂದಿನಲ್ಲಿ ನಮ್ಮ ಉಸ್ತಾದರು ಕಲಿಸಿದ್ದರು. ಅಲ್ಲಿ ಚೀಟಿ ಕೇಳುವವರು ಯಾರೂ ಇರಲಿಲ್ಲ. ಆ ಗೌಡರು ಮತ್ತೆ ಸಿಕ್ಕರೆ ನನ್ನ ಉತ್ತರ ತಿದ್ದಿಕೊಳ್ಳಬೇಕು: "ತೊಂದ್ರೆ ಇದೆ ಗೌಡ್ರೆ. ನಿಮ್ದು ಒಂದು ಚಮಚ, ನನ್ದೂ ಅಷ್ಟೇ. ಆದ್ರೆ ಬಿಂದಿಗೆಗಟ್ಟಲೆ ಚೆಲ್ಲೋರನ್ನ ಕೇಳೋ ಹಕ್ಕು, ನಮ್ಮ ಚಮಚದ ಲೆಕ್ಕ ಒಪ್ಪಿಕೊಂಡ ಮೇಲೇ ನಮಗೆ ಬರೋದು."