ಸೀಟಿನಡಿಯ ಹಾವು



2023ರ ಎಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ವೂಸ್ಟರ್ ಎಂಬಲ್ಲಿಂದ ನಾಲ್ವರು ಪ್ರಯಾಣಿಕರನ್ನು ಹೊತ್ತು ಚಿಕ್ಕ ವಿಮಾನವೊಂದು ಹೊರಟಿತು. ಆಕಾಶದಲ್ಲಿ ಸುಮಾರು 11,000 ಅಡಿ ಎತ್ತರದಲ್ಲಿದ್ದಾಗ ಪೈಲಟ್‌ನ ಸೊಂಟಕ್ಕೆ ಏನೋ ತಣ್ಣಗೆ ತಾಗಿತು. ನೀರಿನ ಬಾಟಲಿ ಸೋರುತ್ತಿರಬೇಕೆಂದು ತಿರುಗಿ ನೋಡಿದರೆ, ಕೇಪ್ ಕೋಬ್ರಾ ಎಂಬ ಘೋರ ವಿಷದ ಹಾವು ಅವರ ಸೀಟಿನಡಿಗೆ ತಲೆಯನ್ನು ಎಳೆದುಕೊಳ್ಳುತ್ತಿತ್ತು! ಹಿಂದಿನ ದಿನವೇ ಅಲ್ಲಿದ್ದವರು ರೆಕ್ಕೆಯ ಕೆಳಗೆ ಹಾವನ್ನು ಕಂಡಿದ್ದರು. ಹುಡುಕಿದಾಗ ಸಿಗಲಿಲ್ಲ. ಹೋಗಿರಬೇಕು ಎಂದುಕೊಂಡರು.

ಈಗ ಪೈಲಟ್ ಏನು ಮಾಡಬೇಕು? ಹೇಳಿದರೆ ಗಾಬರಿಯಾದೀತು, ಇಕ್ಕಟ್ಟಾದ ವಿಮಾನದಲ್ಲಿ ಗಾಬರಿಯೂ ಹಾವಿನಷ್ಟೇ ಅಪಾಯಕಾರಿ. ಹೇಳದಿದ್ದರೆ, ಹಾವು ಹಿಂದಕ್ಕೆ ಸರಿದು ಯಾರಾದರೂ ಅರಿಯದೆ ಕಾಲಿಟ್ಟಾರು. ಅವರು ಒಂದಿಷ್ಟು ಯೋಚಿಸಿ ಇದ್ದದ್ದನ್ನು ಇದ್ದಂತೆಯೇ ತಿಳಿಸಿದರು. ಯಾರೂ ಚೀರಾಡಲಿಲ್ಲ. ಎಲ್ಲರೂ ಅಲುಗಾಡದೆ ಕುಳಿತರು. ವಿಮಾನ ದಾರಿಯಲ್ಲಿದ್ದ ವೆಲ್ಕಮ್ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಯಿತು.

ನಮ್ಮಲ್ಲಿ ಕೆಲವರಿಗೆ ಒಂದು ಅಭ್ಯಾಸವಿದೆ. ಅಪಾಯ ಕಣ್ಣೆದುರಿಗಿದ್ದರೂ, "ತಕ್ದೀರಿನಲ್ಲಿರುವುದು ಆಗಿಯೇ ಆಗುತ್ತದೆ" ಎಂದು ಸುಮ್ಮನಿರುತ್ತಾರೆ. ಅದನ್ನೇ ತವಕ್ಕುಲ್ ಎನ್ನುತ್ತಾರೆ. ಆದರೆ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿಯವರೇ(ಸ) ಮಲಗುವ ಮುನ್ನ ಹಾಸಿಗೆಯನ್ನು ಝಾಡಿಸಬೇಕೆಂದು ಆದೇಶಿಸಿದ್ದಾರೆ. ನಾವು ಎದ್ದುಹೋದ ಬಳಿಕ ಅಲ್ಲಿ ಏನು ಬಂದು ಸೇರಿದೆಯೆಂದು ನಮಗೆ ತಿಳಿಯದು ಎಂಬುದೇ ಅವರು ಕೊಟ್ಟ ಕಾರಣ. ರಾತ್ರಿ ದೀಪ ಆರಿಸಬೇಕೆಂದೂ ಅವರು ಹೇಳಿದ್ದಾರೆ. ಇಲಿ ಬತ್ತಿಯನ್ನು ಎಳೆದೊಯ್ದು ಮನೆಮಂದಿಯನ್ನೆಲ್ಲ ಸುಟ್ಟೀತು.

2024ರ ಸೆಪ್ಟೆಂಬರ್‌ನಲ್ಲಿ ಓಸ್ಲೋದಿಂದ ಸ್ಪೇನಿಗೆ ಹೊರಟಿದ್ದ ವಿಮಾನದಲ್ಲಿ ಪ್ರಯಾಣಿಕರೊಬ್ಬರ ಊಟದ ಪೊಟ್ಟಣದಿಂದ ಇಲಿಯೊಂದು ಹೊರಬಂತು. ವಿಮಾನವನ್ನು ಕೋಪನ್‌ಹೇಗನ್‌ನಲ್ಲಿ ಇಳಿಸಿ, ಎಲ್ಲರನ್ನೂ ಬೇರೆ ವಿಮಾನಕ್ಕೆ ಹತ್ತಿಸಲಾಯಿತು. ಒಂದು ಇಲಿಗೆ ಇಷ್ಟೇಕೆ ಎಂದು ನಗುವವರು ಆ ಬತ್ತಿಯನ್ನು ನೆನೆಯಲಿ. ಇಲಿಯ ಹಲ್ಲಿಗೆ ವಿಮಾನದ ವಯರೂ ಒಂದೇ, ದೀಪದ ಬತ್ತಿಯೂ ಒಂದೇ. ಪಾಪ, ಅದಕ್ಕೇನು ಗೊತ್ತು!

ಇರಲಿ. ನನ್ನನ್ನು ಹೆಚ್ಚು ಕಾಡಿದ್ದು ಆ ಪೈಲಟ್ ಬಾಯಿಬಿಟ್ಟು ಹೇಳಿದರೆಂಬ ಸಂಗತಿ. ಅಪಾಯದ ತಿಳುವಳಿಕೆ ಅವರೊಬ್ಬರ ಸೊತ್ತಾಗಿರಲಿಲ್ಲ. ಪ್ರಯಾಣಿಕರಿಗೆ ಸೇರಿದ ಅಮಾನತ್ ಆಗಿತ್ತು. ನಮ್ಮಲ್ಲಿ ಪ್ರತಿಯೊಬ್ಬನೂ ಮೇಲ್ವಿಚಾರಕನೆಂದೂ ತನ್ನ ಅಧೀನದಲ್ಲಿರುವವರ ಕುರಿತು ಅವನನ್ನು ವಿಚಾರಿಸಲಾಗುವುದೆಂದೂ ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಮನೆಯ ಯಜಮಾನನನ್ನು ಅವರು ಅಲ್ಲಿ ವಿಶೇಷವಾಗಿ ಹೆಸರಿಸಿದ್ದಾರೆ.

ಆದರೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಮಗಳ ಮದುವೆಗೋ ವ್ಯಾಪಾರಕ್ಕೋ ಬಡ್ಡಿಗೆ ಸಾಲ ಮಾಡುತ್ತಾರೆ. ಕಂತು ತಪ್ಪುತ್ತದೆ. ಹೆಂಡತಿಗೆ ಒಂದು ಮಾತು ಹೇಳುವುದಿಲ್ಲ. ಜಪ್ತಿ ನೋಟೀಸು ಹಿಡಿದು ಟಪ್ಪಾಲಿನವನು ಬಂದಾಗಲೇ ಆಕೆಗೆ ವಿಷಯ ತಿಳಿಯುವುದು. ಕೇಳಿದರೆ, "ನೀನು ಹೆದರುವಿಯೆಂದು ಹೇಳಲಿಲ್ಲ" ಎಂಬ ಉತ್ತರ. ನಿಜವಾಗಿ ಹೆದರಿದ್ದವರು ಯಾರು?

ಸಹೋದರರೇ, ವಿಷಯ ಮೊದಲೇ ತಿಳಿದಿದ್ದರೆ ಆಕೆ ಖರ್ಚು ತಗ್ಗಿಸುತ್ತಿದ್ದಳು, ಮದುವೆಯನ್ನು ಸರಳಗೊಳಿಸಲು ಹೇಳುತ್ತಿದ್ದಳು, ತವರಿನವರೊಡನೆ ಸಮಾಲೋಚಿಸುತ್ತಿದ್ದಳು. ಕೈಯ ಬಳೆಗಳನ್ನು ಬಿಚ್ಚಿಕೊಡುವವರೂ ಇದ್ದಾರೆ. ಮಹ್ರ್‌ನ ಆ ಚಿನ್ನ ಆಕೆಯದು. ಕೊಡುವುದೂ ಬಿಡುವುದೂ ಆಕೆಯ ಹಕ್ಕು. ಅದನ್ನು ಕೇಳುವ ಮುನ್ನ ಸಾಲ ಎಷ್ಟು, ಯಾರಲ್ಲಿ, ಎಂದಿಗೆ ತೀರಿಸಬೇಕು ಎಂಬುದನ್ನು ಪೂರ್ತಿಯಾಗಿ ಹೇಳಿಬಿಡಿರಿ.