ಅಂಕಪಟ್ಟಿಯಲ್ಲಿಲ್ಲದ ಪ್ರಶ್ನೆ

ಒಂದು ವಸ್ತುವಿನ ಕುರಿತು ಮನುಷ್ಯನು ಆಳವಾದ ಜ್ಞಾನ ಸಂಪಾದಿಸಿದರೆ, ಆ ಜ್ಞಾನದಿಂದಾಗಿ ವಸ್ತುವಿನ ಸ್ವಭಾವ ಬದಲಾಗುತ್ತದೆಯೇ? ನಿಷಿದ್ಧವಾದುದನ್ನು ಕುರುಡಾಗಿ ಸೇವಿಸುವವನಿಗೂ, ಅದನ್ನು ಅರಿತು, ಅಳೆದು, ಮಿತವಾಗಿ ಸೇವಿಸುವವನಿಗೂ ವ್ಯತ್ಯಾಸವೇ ಇಲ್ಲವೇ? ಮೇಲ್ನೋಟಕ್ಕೆ ಇದು ತತ್ವಶಾಸ್ತ್ರದ ತರಗತಿಯ ಪ್ರಶ್ನೆಯಂತೆ ಕಾಣಬಹುದು. ಆದರೆ ಇದು ನನ್ನನ್ನು ತಲುಪಿದ್ದು ಹಳೆಯ ವಿದ್ಯಾರ್ಥಿಯೊಬ್ಬನ ಪತ್ರದ ಮೂಲಕ.

ಆತ ಬೆಂಗಳೂರಿನ ಕಂಪೆನಿಯೊಂದರಲ್ಲಿ ಇಂಜಿನಿಯರ್. ನಮಾಝ್ ತಪ್ಪಿಸದ ಹುಡುಗ. ಅವನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಬಗೆಬಗೆಯ ಬಿಯರ್‌ಗಳ ರುಚಿ ನೋಡಿ ಅಂಕ ಕೊಡುವ ಹವ್ಯಾಸ. ಅದಕ್ಕಾಗಿಯೇ ಒಂದು ಪುಸ್ತಕ ಇಟ್ಟಿದ್ದಾರೆ. ದಿನಾಂಕ, ಊರು, ಬಣ್ಣ, ನೊರೆ, ಪರಿಮಳ, ಕಹಿ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಅವರು ಎಂದೂ ತೂರಾಡಿದವರಲ್ಲ, ಯಾರನ್ನೂ ಬೈದವರಲ್ಲ. “ನಾನು ಅಮಲಿಗಾಗಿ ಕುಡಿಯುವುದಿಲ್ಲ, ತಿಳಿಯುವುದಕ್ಕಾಗಿ ಕುಡಿಯುತ್ತೇನೆ” ಎನ್ನುತ್ತಾರಂತೆ. “ಉಸ್ತಾದ್, ಇವರಿಗೆ ನಾನು ಏನೆಂದು ಉತ್ತರಿಸಲಿ?” ಎಂದು ಅವನು ಕೇಳಿದ್ದ.

ಪತ್ರದ ಕೊನೆಯಲ್ಲಿ ಇನ್ನೆರಡು ಸಾಲುಗಳಿದ್ದವು. ಒಂದು ಸಂಜೆ ಆ ಹಿರಿಯರು ತಮ್ಮ ಗ್ಲಾಸನ್ನು ಇವನ ಮುಂದೆ ಹಿಡಿದು, “ಕುಡಿಯಬೇಡ, ಮೂಸಿ ನೋಡು, ಏನಿದೆ ಹೇಳು” ಎಂದರಂತೆ. ಇವನು ಮೂಸಿ “ಕೊತ್ತಂಬರಿ” ಎಂದನಂತೆ. ಉತ್ತರ ಸರಿಯಾಗಿತ್ತು. “ನಿನ್ನ ಮೂಗು ಬಹಳ ಚುರುಕು” ಎಂದು ಮೇಜಿನಲ್ಲಿದ್ದವರೆಲ್ಲ ಹೊಗಳಿದರು. “ತಾಯಿ ದಿನಾ ಕೊತ್ತಂಬರಿ ಹುರಿಯುವ ಮನೆಯಲ್ಲಿ ಬೆಳೆದವನು ನಾನು. ಅದರಲ್ಲೇನು ದೊಡ್ಡಸ್ತಿಕೆ? ಆದರೆ ಆ ಹೊಗಳಿಕೆ ನನಗೆ ಹಿತವಾಯಿತು. ಅದಕ್ಕೇ ಹೆದರಿಕೆಯಾಗುತ್ತಿದೆ” ಎಂದು ಅವನು ಬರೆದಿದ್ದ.

ಈ ಪತ್ರಕ್ಕೆ “ಹರಾಮ್” ಎಂಬ ಒಂದೇ ಪದದ ಉತ್ತರ ಬರೆಯಬಹುದಿತ್ತು. ಅದು ತಪ್ಪಾಗುತ್ತಿರಲಿಲ್ಲ. ಆದರೆ ಆ ಪದ ಅವನಿಗೆ ಮೊದಲೇ ಗೊತ್ತಿತ್ತು.

ಎದುರಾಳಿಯ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಕೇಳಿಸಿಕೊಂಡ ಬಳಿಕವೇ ಉತ್ತರಿಸಬೇಕೆಂಬುದು ನ್ಯಾಯದ ಬೇಡಿಕೆ. ಆದ್ದರಿಂದ ಈ ಹವ್ಯಾಸ ಎಂಥದ್ದೆಂದು ಮೊದಲು ನೋಡೋಣ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿರಸಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂ ಸೇರಿಸಿ ಕುದಿಸಿ, ಯೀಸ್ಟ್‌ನಿಂದ ಹುದುಗು ಬರಿಸಿದರೆ ಬಿಯರ್ ಆಗುತ್ತದೆ. ಯೂರೋಪಿನಲ್ಲಿ ಇದು ಊರೂರಿಗೆ ಬೇರೆಯಾಗಿ ಬೆಳೆಯಿತು. ಬೊಹೀಮಿಯಾದ ಪಿಲ್ಸೆನ್ ನಗರದಲ್ಲಿ 1842ರಲ್ಲಿ ಹೊಂಬಣ್ಣದ ತಿಳಿಯಾದ ಬಿಯರ್ ಹುಟ್ಟಿತು. ಜರ್ಮನಿಯ ಬ್ಯಾಂಬರ್ಗ್‌ನಲ್ಲಿ ಕಟ್ಟಿಗೆಯ ಹೊಗೆಯಲ್ಲಿ ಮಾಲ್ಟ್ ಒಣಗಿಸುವುದರಿಂದ ಅಲ್ಲಿಯ ಬಿಯರಿಗೆ ಹೊಗೆಯ ವಾಸನೆ. ಬ್ರಸೆಲ್ಸ್ ಸುತ್ತಮುತ್ತ ಯೀಸ್ಟ್ ಹಾಕದೆ, ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳಿಂದಲೇ ಹುದುಗು ಬರಿಸಿ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಬೆಲ್ಜಿಯಮ್ಮಿನ ಹೂಗಾರ್ಡನ್ ಎಂಬ ಊರಿನಲ್ಲಿ ಗೋಧಿ, ಕೊತ್ತಂಬರಿ ಮತ್ತು ಒಣ ಕಿತ್ತಳೆ ಸಿಪ್ಪೆ ಹಾಕಿ ಮಾಡುವ ಬಗೆಯೊಂದಿತ್ತು. ಅದು ನಿಂತೇ ಹೋಗಿತ್ತು. 1960ರ ದಶಕದಲ್ಲಿ ಪಿಯರ್ ಸೆಲಿಸ್ ಎಂಬವರು ಅದನ್ನು ಮತ್ತೆ ಆರಂಭಿಸಿದರು. ನನ್ನ ವಿದ್ಯಾರ್ಥಿ ಮೂಸಿದ್ದು ಬಹುಶಃ ಈ ಬಗೆಯದ್ದನ್ನೇ. ಬೆಲ್ಜಿಯಮ್ಮಿನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೋ 2016ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಗ್ಲೆಂಡಿನ ಲೇಖಕ ಮೈಕಲ್ ಜಾಕ್ಸನ್ (ಹಾಡುಗಾರನಲ್ಲ, ಅದೇ ಹೆಸರಿನ ಬೇರೊಬ್ಬರು) 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜಗತ್ತಿನ ಬಿಯರ್‌ಗಳನ್ನು ಬಗೆಗಳಾಗಿ ವಿಂಗಡಿಸಿದರು. ಅಮೆರಿಕದಲ್ಲಿ 1985ರಲ್ಲಿ ಬಿಯರ್ ಪರೀಕ್ಷಕರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೇ ಆರಂಭವಾಯಿತು. ಅವರ ಅಂಕಪಟ್ಟಿ ಒಟ್ಟು 50 ಅಂಕಗಳದ್ದು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಅನುಭವಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ಕಳೆದ ಹದಿನೈದು ವರ್ಷಗಳಲ್ಲಿ ಬೆಂಗಳೂರಿನಲ್ಲೂ ತಾವೇ ಬಿಯರ್ ತಯಾರಿಸಿ ಮಾರುವ ಕಿರು ಘಟಕಗಳು ಹೆಚ್ಚಿವೆ. ಅವುಗಳೊಂದಿಗೆ ಈ ಅಂಕ ಕೊಡುವ ಹವ್ಯಾಸವೂ ಬಂದಿದೆ.

ಇದರಲ್ಲಿ ಶ್ರಮವಿದೆ, ಶಿಸ್ತಿದೆ, ಜ್ಞಾನವಿದೆ ಎಂಬುದನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಮದ್ಯದಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ಪವಿತ್ರ ಕುರ್‌ಆನೇ ಮರೆಮಾಚಿಲ್ಲ. ಪ್ರಯೋಜನಕ್ಕಿಂತ ಅದರ ಪಾಪವು ದೊಡ್ಡದು ಎಂದು ಅದು ತಿಳಿಸುತ್ತದೆ (2:219). ಖರ್ಜೂರ ಮತ್ತು ದ್ರಾಕ್ಷಿಯಿಂದ ಜನರು ಅಮಲು ಪದಾರ್ಥವನ್ನೂ ಉತ್ತಮ ಆಹಾರವನ್ನೂ ಪಡೆಯುತ್ತಾರೆಂದು ಹೇಳುವಾಗ, ಎರಡನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ (16:67). “ಉತ್ತಮ” ಎಂಬ ವಿಶೇಷಣ ಎರಡನೆಯದಕ್ಕೆ ಮಾತ್ರ ಸೇರಿದೆ ಎಂಬುದನ್ನು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ಹಾಗಾದರೆ ಪ್ರಶ್ನೆ ಇರುವುದು ರುಚಿ ಇದೆಯೇ ಇಲ್ಲವೇ ಎಂಬುದರಲ್ಲಲ್ಲ. ರುಚಿಯನ್ನು ಮುಂದಿಟ್ಟು ತೀರ್ಪು ಕೊಡಬಹುದೇ ಎಂಬುದರಲ್ಲಿದೆ.

ಇಲ್ಲಿ ಹದಿನಾಲ್ಕು ಶತಮಾನಗಳ ಹಿಂದಿನ ಒಂದು ಸಂಭಾಷಣೆ ನಮ್ಮ ನೆರವಿಗೆ ಬರುತ್ತದೆ. ಪ್ರವಾದಿವರ್ಯರು(ಸ) ಹಝ್ರತ್ ಅಬೂ ಮೂಸಾ ಅಶ್‌ಅರೀ(ರ)ರನ್ನು ಯಮನ್‌ಗೆ ಕಳುಹಿಸಿದಾಗ, ಅವರು ಆ ನಾಡಿನ ಎರಡು ಪಾನೀಯಗಳ ಕುರಿತು ವಿಚಾರಿಸಿದರು. ಒಂದು, ಜೇನಿನಿಂದ ತಯಾರಿಸುವ ‘ಬಿತ್‌ಅ’. ಇನ್ನೊಂದು, ಬಾರ್ಲಿಯಿಂದ ತಯಾರಿಸುವ ‘ಮಿಝ್ರ್’. ಗಮನಿಸಿ, ಈ ಮಿಝ್ರ್ ಎಂಬುದು ಒಂದು ಬಗೆಯ ಬಿಯರೇ. ಅಬೂ ಮೂಸಾ(ರ) ಸ್ವತಃ ಯಮನ್‌ನವರು. ಈ ಪಾನೀಯಗಳ ಬಗೆಯೂ ತಯಾರಿಯೂ ಅವರಿಗೆ ಚೆನ್ನಾಗಿ ತಿಳಿದಿತ್ತು. ಪ್ರವಾದಿವರ್ಯರು(ಸ) ಜೇನಿಗೊಂದು, ಬಾರ್ಲಿಗೊಂದು ಎಂದು ಎರಡು ತೀರ್ಪು ಕೊಡಲಿಲ್ಲ. ಅಮಲೇರಿಸುವ ಪ್ರತಿಯೊಂದೂ ನಿಷಿದ್ಧ ಎಂಬ ಒಂದೇ ಉತ್ತರ ಕೊಟ್ಟರು (ಬುಖಾರಿ, ಮುಸ್ಲಿಮ್).

ಪ್ರಶ್ನೆ ಬಗೆಗಳ ಕುರಿತಾಗಿತ್ತು, ಉತ್ತರ ಪರಿಣಾಮದ ಕುರಿತಾಗಿತ್ತು. ಈ ಪಾನೀಯ ಯಾವುದರಿಂದ ಆಗಿದೆ, ಯಾವ ನಾಡಿನದು ಎಂಬುದರ ಬದಲು, ಇದು ಕುಡಿದವನ ಬುದ್ಧಿಗೆ ಏನು ಮಾಡುತ್ತದೆ ಎಂದು ಇಸ್ಲಾಮ್ ಕೇಳಿತು. ಹಝ್ರತ್ ಉಮರ್(ರ) ಮಿಂಬರಿನಿಂದ ಮಾಡಿದ ಉಪನ್ಯಾಸದಲ್ಲಿಯೂ ಇದೇ ಕ್ರಮವಿದೆ. ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿ ಎಂಬ ಐದನ್ನು ಹೆಸರಿಸಿದ ಬಳಿಕ, ಬುದ್ಧಿಯನ್ನು ಮುಚ್ಚಿಬಿಡುವುದೆಲ್ಲವೂ ‘ಖಮ್ರ್’ ಎಂದು ಅವರು ವಿವರಿಸಿದರು. ಕೂಫಾದ ಕೆಲವು ಹಿರಿಯ ವಿದ್ವಾಂಸರು ದ್ರಾಕ್ಷಿ, ಖರ್ಜೂರಗಳಲ್ಲದ ಧಾನ್ಯಗಳ ಪಾನೀಯದ ಕುರಿತು ಬೇರೆ ಅಭಿಪ್ರಾಯ ಹೊಂದಿದ್ದರೆಂಬುದು ನಿಜ. ಆದರೆ ಹನಫೀ ಮದ್‌ಹಬಿನಲ್ಲೂ ಕೊನೆಗೆ ಫತ್ವಾ ನೀಡಲಾದುದು ಇಮಾಮ್ ಮುಹಮ್ಮದ್(ರಹ್)ರ ಅಭಿಪ್ರಾಯದಂತೆ, ಅಂದರೆ ಅವೆಲ್ಲವೂ ನಿಷಿದ್ಧವೆಂದೇ.

ಈಗ ಆ 50 ಅಂಕಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿರಿ. ಪರಿಮಳ, ನೋಟ, ರುಚಿ, ಬಾಯಿಯ ಅನುಭವ, ಒಟ್ಟು ಅಭಿಪ್ರಾಯ. ಎಲ್ಲ ಕಾಲಮ್‌ಗಳೂ ಗ್ಲಾಸಿನಲ್ಲಿರುವ ವಸ್ತುವಿಗೆ ಸಂಬಂಧಿಸಿದವು. ಗ್ಲಾಸು ಹಿಡಿದವನಿಗಾಗಿ ಒಂದು ಕಾಲಮ್ ಕೂಡ ಇಲ್ಲ. ಇನ್ನು ಕುರ್‌ಆನಿನ ಸೂರಃ ಅಲ್‌ಮಾಇದಃದ 91ನೇ ವಚನವನ್ನು ನೋಡಿರಿ. ಮದ್ಯ ಮತ್ತು ಜೂಜಿನ ಮೂಲಕ ಜನರ ನಡುವೆ ವೈರ ಮತ್ತು ದ್ವೇಷ ಬಿತ್ತುವುದು, ಅವರನ್ನು ಅಲ್ಲಾಹನ ಸ್ಮರಣೆಯಿಂದ ಮತ್ತು ನಮಾಝಿನಿಂದ ತಡೆಯುವುದು ಶೈತಾನನ ಉದ್ದೇಶವೆಂದು ಅಲ್ಲಿ ತಿಳಿಸಲಾಗಿದೆ. ವೈರ, ದ್ವೇಷ, ಸ್ಮರಣೆ, ನಮಾಝ್: ಇವೂ ನಾಲ್ಕು ಕಾಲಮ್‌ಗಳೇ. ಒಂದು ಕೂಡ ಗ್ಲಾಸಿಗೆ ಸಂಬಂಧಿಸಿಲ್ಲ. ಎಲ್ಲವೂ ಮನುಷ್ಯನಿಗೆ, ಅವನ ಮನೆಗೆ, ನೆರೆಹೊರೆಗೆ, ಅವನ ಪ್ರಭುವಿಗೆ ಸಂಬಂಧಿಸಿದವು.

“ಆದರೆ ಆ ಹಿರಿಯರು ಯಾರೊಂದಿಗೂ ಜಗಳವಾಡಿಲ್ಲವಲ್ಲ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಪರೀಕ್ಷಕರ ನಡವಳಿಕೆಯೇ ಉತ್ತರ ಕೊಡುತ್ತದೆ. ಸ್ಪರ್ಧೆಗಳಲ್ಲಿ ಅವರ ಮುಂದೆ ಇಡುವುದು ಕೆಲವೇ ಗುಟುಕುಗಳಷ್ಟು. ದ್ರಾಕ್ಷಾಮದ್ಯದ ಪರೀಕ್ಷಕರು ಬಾಯಿಗೆ ಹಾಕಿ ಉಗುಳುವುದುಂಟು, ಬಿಯರಿನ ಪರೀಕ್ಷಕರು ಸಾಮಾನ್ಯವಾಗಿ ನುಂಗುತ್ತಾರೆ. ನಡುನಡುವೆ ನೀರು ಕುಡಿಯುತ್ತಾರೆ, ಸಪ್ಪೆ ಬಿಸ್ಕತ್ತು ತಿನ್ನುತ್ತಾರೆ. ಸೌಮ್ಯವಾದುದನ್ನು ಮೊದಲು, ತೀಕ್ಷ್ಣವಾದುದನ್ನು ಕೊನೆಗೆ ಇಡುತ್ತಾರೆ. ಇಷ್ಟೆಲ್ಲ ಎಚ್ಚರ ಏಕೆ? ನಾಲಿಗೆ ದಣಿಯುತ್ತದೆಂಬುದು ಒಂದು ಕಾರಣ. ಹೆಚ್ಚು ಒಳಗೆ ಹೋದರೆ ಪರೀಕ್ಷಕನ ವಿವೇಚನೆಯೇ ಮಂಕಾಗುತ್ತದೆಂಬುದು ಇನ್ನೊಂದು ಕಾರಣ. ಯಾವ ವಿವೇಚನಾ ಶಕ್ತಿಯಿಂದ ಅಂಕ ಕೊಡಬೇಕೋ ಆ ಶಕ್ತಿಯನ್ನೇ ಪರೀಕ್ಷೆಗೊಳಪಟ್ಟ ವಸ್ತು ಕುಗ್ಗಿಸುತ್ತದೆ! ಬಟ್ಟೆ ಪರೀಕ್ಷಿಸುವವನ ಬೆರಳು ಬಟ್ಟೆಯಿಂದ ಸವೆಯುವುದಿಲ್ಲ. ಚಹಾ ಪರೀಕ್ಷಿಸುವವನ ಬುದ್ಧಿ ಚಹಾದಿಂದ ಮಬ್ಬಾಗುವುದಿಲ್ಲ. ಇಲ್ಲಿ ಮಾತ್ರ ನ್ಯಾಯಾಧೀಶನು ಪ್ರತಿಯೊಂದು ತೀರ್ಪಿನ ಜೊತೆ ತನ್ನ ನ್ಯಾಯಪೀಠದ ಒಂದೊಂದು ತುಂಡನ್ನು ಒಡೆದು ಕೊಡುತ್ತಿದ್ದಾನೆ.

ಹೊಗೆಯ ವಾಸನೆಯದ್ದಾಗಲಿ, ಕೊತ್ತಂಬರಿಯದ್ದಾಗಲಿ, ಎಲ್ಲದರಲ್ಲೂ ಇರುವ ಮದ್ಯಸಾರ ಒಂದೇ. ಅದಕ್ಕೆ ಊರಿಲ್ಲ, ಬಗೆಯಿಲ್ಲ. ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳೆಂದು ವರ್ಗೀಕರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. 2019ರಲ್ಲಿ ಜಗತ್ತಿನಾದ್ಯಂತ 26 ಲಕ್ಷ ಸಾವುಗಳಿಗೆ ಮದ್ಯ ಕಾರಣವಾಯಿತೆಂಬುದು ಅದರ ಅಂದಾಜು. ಸತ್ಯವಿಶ್ವಾಸಿಯು ಮದ್ಯದಿಂದ ದೂರವಿರುವುದು ಈ ವರದಿಗಳ ಕಾರಣಕ್ಕಲ್ಲ, ಅಲ್ಲಾಹನ ಆಜ್ಞೆಯ ಕಾರಣಕ್ಕೆ. ಆದರೆ ಹೆಚ್ಚು ಸೇವಿಸಿದರೆ ಅಮಲೇರಿಸುವಂಥದ್ದರ ಅಲ್ಪವೂ ನಿಷಿದ್ಧವೆಂಬ ಪ್ರವಾದಿ ಬೋಧನೆಯ (ಅಬೂದಾವೂದ್, ತಿರ್ಮಿದಿ) ವಿವೇಕ ಎಷ್ಟು ದೂರದೃಷ್ಟಿಯದೆಂದು ಇವು ನೆನಪಿಸುತ್ತವೆ. ಧರ್ಮದ ನಿಯಮ ಒಬ್ಬ ಸಂಯಮಿಯನ್ನು ಮಾತ್ರ ನೋಡಿ ರಚಿತವಾದುದಲ್ಲ. ಆ ಹಿರಿಯರು ಎರಡು ಗುಟುಕಿಗೆ ನಿಲ್ಲಿಸಬಲ್ಲರು. ಅದೇ ಮೇಜಿನಲ್ಲಿ ಅವರನ್ನು ನೋಡಿ ಕಲಿಯುವ ಕಿರಿಯನು ನಿಲ್ಲಿಸಬಲ್ಲನೇ? ಅವನ ಹೆಂಡತಿ ಮಕ್ಕಳು ಆ ಲೆಕ್ಕದಲ್ಲಿ ಎಲ್ಲಿ ಬರುತ್ತಾರೆ?

ಮದೀನಾದ ಆ ದಿನವನ್ನು ನೆನೆಯಿರಿ. ಅಬೂ ತಲ್‌ಹಾ(ರ)ರ ಮನೆಯಲ್ಲಿ ಹಝ್ರತ್ ಅನಸ್(ರ) ಖರ್ಜೂರದ ಮದ್ಯ ಬಡಿಸುತ್ತಿದ್ದರು. ಕುಡಿಯುತ್ತಿದ್ದವರು ಪುಂಡರಲ್ಲ. ಅಬೂ ಉಬೈದಾ(ರ), ಉಬಯ್ಯ್ ಬಿನ್ ಕಅಬ್(ರ)ರಂತಹ ಮಹನೀಯರು. ನಿಷೇಧದ ಸುದ್ದಿ ಬಂದಾಗ ಅವರು, ನಾವು ಮಿತವಾಗಿ ಕುಡಿಯುವವರಲ್ಲವೇ ಎನ್ನಲಿಲ್ಲ. ಇದು ಯಾವ ತೋಟದ ಖರ್ಜೂರದ್ದೆಂದು ವಿಚಾರಿಸಲಿಲ್ಲ. ಕೊನೆಯ ಗುಟುಕನ್ನೂ ಕೇಳಲಿಲ್ಲ. ಚೆಲ್ಲಲು ಹೇಳಿದರು. ಅಂದು ಮದೀನಾದ ಬೀದಿಗಳಲ್ಲಿ ಒಳ್ಳೆಯ ಮದ್ಯವೂ ಕಳಪೆ ಮದ್ಯವೂ ಒಂದಾಗಿ ಹರಿಯಿತು.

ಇಷ್ಟನ್ನು ಬರೆದು ನಾನು ಪೆನ್ನು ಕೆಳಗಿಟ್ಟಿದ್ದರೆ ಓದುಗರಿಗೂ ನನಗೂ ಬಹಳ ಹಿತವಾಗುತ್ತಿತ್ತು. ಏಕೆಂದರೆ ನಾವು ಬಿಯರ್ ಕುಡಿಯುವವರಲ್ಲ. ಆದರೆ ರುಚಿಗೆ ಅಂಕ ಕೊಟ್ಟು ಪರಿಣಾಮವನ್ನು ಮರೆಯುವ ರೋಗ ಬಿಯರಿನ ಮೇಜಿಗೆ ಮಾತ್ರ ಸೀಮಿತವೇ? ರಮಝಾನಿನಲ್ಲಿ ಯಾವ ಮಸೀದಿಯ ಹಾಫಿಝರ ಸ್ವರ ಇಂಪಾಗಿದೆಯೆಂದು ನಾವು ಚರ್ಚಿಸುತ್ತೇವೆ. ಅವರು ಓದಿದ ವಚನ ನಮ್ಮ ವ್ಯಾಪಾರವನ್ನು ಬದಲಿಸಿತೇ ಎಂದು ಕೇಳುವುದಿಲ್ಲ. ಯಾರ ಪ್ರವಚನ ಸೊಗಸೆಂದು ತೀರ್ಪು ಕೊಡುತ್ತೇವೆ. ಮನೆಗೆ ಬಂದು ಅಣ್ಣತಮ್ಮಂದಿರ ಆಸ್ತಿ ಜಗಳವನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತೇವೆ. ಮದುವೆಯ ಬಿರಿಯಾನಿಗೆ ಅಂಕ ಕೊಡುತ್ತೇವೆ. ಅದಕ್ಕಾಗಿ ಹುಡುಗಿಯ ತಂದೆ ಎಷ್ಟು ಸಾಲ ಮಾಡಿದನೆಂಬ ಕಾಲಮ್ ನಮ್ಮ ಪಟ್ಟಿಯಲ್ಲೂ ಇಲ್ಲ. ಆ ಹಿರಿಯರು ಕನಿಷ್ಠ ಒಂದು ಪುಸ್ತಕವನ್ನಾದರೂ ಪ್ರಾಮಾಣಿಕವಾಗಿ ಬರೆದಿಡುತ್ತಾರೆ. ವಿಚಾರಣೆಗೆ ಒಳಗಾಗುವ ಮೊದಲು ನಿಮ್ಮನ್ನು ನೀವೇ ವಿಚಾರಿಸಿಕೊಳ್ಳಿರೆಂಬ ಹಝ್ರತ್ ಉಮರ್(ರ)ರ ಉಪದೇಶವನ್ನು ಬಾಯಿಪಾಠ ಮಾಡಿರುವ ನಮ್ಮಲ್ಲಿ ಅಂತಹ ಪುಸ್ತಕ ಎಷ್ಟು ಮಂದಿಯ ಬಳಿ ಇದೆ?

ಕೊನೆಗೆ ನಾನು ಅವನಿಗೆ ಹೀಗೆ ಬರೆದೆ: “ಆ ಹಿರಿಯರನ್ನು ಹೀಯಾಳಿಸಬೇಡ. ಅವರ ಶಿಸ್ತಿಗೆ ನೀನು ಕೊಡುವ ಗೌರವ ಹಾಗೇ ಇರಲಿ. ಆದರೆ ಮದ್ಯ ಬಡಿಸುವ ಮೇಜಿನಲ್ಲಿ ಕೂರಬಾರದೆಂಬ ಪ್ರವಾದಿ ಬೋಧನೆ (ತಿರ್ಮಿದಿ) ನಿನಗೆ ತಿಳಿದಿದೆ. ಅವರನ್ನು ಚಹಾಕ್ಕೆ ಕರೆ, ಸಾಧ್ಯವಾದರೆ ಮನೆಗೆ ಊಟಕ್ಕೆ ಕರೆ. ಅವರು ಕೇಳಿದರೆ, ‘ನೀವು ಗ್ಲಾಸಿನಲ್ಲಿ ಏನಿದೆಯೆಂದು ಕೇಳುತ್ತೀರಿ, ನನ್ನ ಧರ್ಮ ಅದು ನನಗೆ ಏನು ಮಾಡುತ್ತದೆಂದು ಕೇಳುತ್ತದೆ’ ಎಂದು ಸಮಾಧಾನದಿಂದ ಹೇಳು. ಇನ್ನು ಹೊಗಳಿಕೆ ಹಿತವಾಯಿತೆಂದು ನೀನು ಹೆದರಿದೆಯಲ್ಲ, ಆ ಹೆದರಿಕೆಯನ್ನು ಕಾಪಾಡಿಕೋ. ನಿನ್ನ ಈಮಾನಿನ ಮೂಗು ಇನ್ನೂ ಚುರುಕಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಕೊತ್ತಂಬರಿಯ ಪರಿಮಳ ಗುರುತಿಸಲು ನಿನಗೆ ಕಲಿಸಿದವರು ನಿನ್ನ ತಾಯಿ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅವರ ಅಡುಗೆ ಮನೆಯಲ್ಲಿ ಸ್ವಲ್ಪ ಹೊತ್ತು ಕುಳಿತುಕೋ.”

ಅಲ್ಲಾಹನು ನಮಗೆ ಕೊಟ್ಟ ನಾಲಿಗೆ, ಮೂಗು ಮತ್ತು ವಿವೇಕಗಳನ್ನು ಅವನು ಮೆಚ್ಚುವ ರೀತಿಯಲ್ಲಿ ಬಳಸುವ ಸದ್ಬುದ್ಧಿಯನ್ನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.